ಪೆನಾಂಗಿನಲ್ಲಿ ಕೊಡೆ ಹಿಡಿಯಬೇಕಾಗಿದ್ದವರು

ಭವಾನಿಪುರಂ, ವಿಜಯವಾಡ
೧೧ ಆಗಸ್ಟ್ ೨೦೦೬, ಶುಕ್ರವಾರ

ಪ್ರೀತಿಯ ಪ್ರಮೋದಣ್ಣಾ,

ಬೊಕಾರೊದಲ್ಲಿ ನೀವೆಲ್ಲ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಮೇಧಾ ಅತ್ತಿಗೆಯ ಬೆನ್ನುನೋವು ಹೇಗಿದೆ? ಬಗ್ಗಿ ನೀರಿನ ಬಕೆಟ್ ಎತ್ತಬೇಡಿ ಅಂತ ಹೇಳು. ನಾನು ವಿಶಾಖಪಟ್ಟಣ ಬಿಟ್ಟು ಇಲ್ಲಿ ಯಾಕೆ ಕೂತಿದ್ದೇನೆ ಅಂತ ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲಾದರೆ ನೀನು ನಡುವೆ ಬೈಯುತ್ತೀಯ, ನಾನು ಅತ್ತು ಅರ್ಧಕ್ಕೇ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ. ಪೂರ್ತಿ ಓದಿ ಆಮೇಲೆ ಬೈ.

ಅಪ್ಪ ಪೆನಾಂಗಿಗೆ ಹೋಗಿದ್ದಾರೆ, ಒಬ್ಬರೇ. ಮೇ ತಿಂಗಳಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಎಂವಿಪಿ ಕಾಲೋನಿಯ ನಮ್ಮ ಮನೆಯ ಎರಡು ಮಹಡಿ ಹತ್ತಲು ನಡುವೆ ನಿಂತು ಉಸಿರು ತೆಗೆದುಕೊಳ್ಳುವವರು, ಸಮುದ್ರ ದಾಟಿ ಹೋಗಿದ್ದಾರೆ. ಅಲ್ಲಿನ ನಟ ಲಿಮ್ ಅವರ ಸಮಾಧಿಗಾಗಿ. ನಿನಗೆ ಆ ನಟನ ಹುಚ್ಚು ಅಪ್ಪನ ತಮಾಷೆಯಾಗಿಯೇ ನೆನಪಿರಬಹುದು. ಅಪ್ಪ ಪ್ಲಾಂಟಿಗೆ ಸೇರಿದ ಹೊಸದರಲ್ಲಿ ತೊದಲಿನಿಂದಾಗಿ ಮೀಟಿಂಗಿನಲ್ಲಿ ಬಾಯಿ ಬಿಡುತ್ತಲೇ ಇರಲಿಲ್ಲವಂತೆ. ಲಿಮ್ ಕೂಡ ತೊದಲುತ್ತಿದ್ದವರು ಅಂತ ಎಲ್ಲೋ ಓದಿ ಒಂದು ಕಾಗದ ಹಾಕಿದರು. ಮೂರು ತಿಂಗಳ ಮೇಲೆ ಉತ್ತರ ಬಂತು, ನಾಲ್ಕೇ ಸಾಲು. ಮಾತು ನಿಂತರೆ ನಿಲ್ಲಲಿ, ಎದುರಿಗಿರುವವರು ಕಾಯುತ್ತಾರೆ, ನೀವು ಹೆದರಬೇಡಿ ಅಂತ. ಅಪ್ಪ ಅದನ್ನು ಓದಿದ ವಾರವೇ ಮೀಟಿಂಗಿನಲ್ಲಿ ಎದ್ದು ಮಾತಾಡಿದರಂತೆ. ಲಿಮ್ ತೀರಿಕೊಂಡ ಮರುವರ್ಷ, ತೊಂಬತ್ತೆರಡರಲ್ಲಿ, ಅಪ್ಪ ಮೊದಲ ಸಲ ಹೋಗಿ ಬಂದದ್ದು ಅದಕ್ಕೇ. ಅಮ್ಮ ಆಗ ಎಷ್ಟು ಗೊಣಗಿದ್ದಳು ಗೊತ್ತಲ್ಲ.

ಆ ಸಲ ಲಿಮ್ ಅವರ ಅಕ್ಕನಿಗೆ ಅಪ್ಪ ಒಂದು ಮಾತು ಕೊಟ್ಟು ಬಂದಿದ್ದರು. ಆಕೆಗೆ ಮದುವೆಯಾಗಿಲ್ಲ, ಬೇರೆ ಯಾರೂ ಇಲ್ಲ. ಎಂದಾದರೂ ಸಮಾಧಿ ತೆಗೆಯಬೇಕಾಗಿ ಬಂದರೆ, ಅವರ ಪದ್ಧತಿಯಲ್ಲಿ ಮೂಳೆಗಳ ಮೇಲೆ ಬಿಸಿಲು ಬೀಳಬಾರದಂತೆ, ಮನೆಯ ಕಿರಿಯರೊಬ್ಬರು ಕೊಡೆ ಹಿಡಿದು ನಿಲ್ಲಬೇಕಂತೆ. ನಾನು ಬಂದು ಹಿಡಿಯುತ್ತೇನೆ ಅಂದಿದ್ದರು ಅಪ್ಪ.

ಈಗ ನನ್ನ ತಪ್ಪು ಹೇಳುತ್ತೇನೆ. ಜೂನ್ ತಿಂಗಳಲ್ಲಿ ಆ ಅಕ್ಕನ ಕಾಗದ ಬಂತು. ಸ್ಮಶಾನದ ಆ ಭಾಗದಲ್ಲಿ ರಸ್ತೆ ಬರುತ್ತದೆ, ಆಗಸ್ಟ್ ಹತ್ತರ ಬೆಳಿಗ್ಗೆ ಸಮಾಧಿ ತೆಗೆಯುತ್ತೇವೆ, ಬನ್ನಿ ಅಂತ. ಅಪ್ಪ ಆಸ್ಪತ್ರೆಯಿಂದ ಬಂದು ಮೂರು ವಾರವಾಗಿತ್ತು. ನಾನು ಅದನ್ನು ಓದಿ, ಬೀರುವಿನಲ್ಲಿ ನನ್ನ ಸೀರೆಗಳ ಕೆಳಗೆ ಇಟ್ಟೆ. ಹತ್ತನೇ ತಾರೀಖು ಕಳೆದುಹೋಗಲಿ, ಆಮೇಲೆ ಕೊಡೋಣ ಅಂದುಕೊಂಡೆ. ನಮ್ಮ ಯಜಮಾನರಿಗೂ ಹೇಳಲಿಲ್ಲ. ಅಪ್ಪ ದಿನಾ ಸಂಜೆ ಪೋಸ್ಟ್ ಬಂತಾ ಅಂತ ಕೇಳುತ್ತಿದ್ದರು, ಇಲ್ಲ ಅನ್ನುತ್ತಿದ್ದೆ.

ಉತ್ತರ ಬಾರದ್ದರಿಂದ ಆಕೆ ದುರ್ಗಾಪ್ರಸಾದ್ ಮಾವನಿಗೆ ಫೋನ್ ಮಾಡಿದರು. ಪ್ಲಾಂಟಿನಲ್ಲಿ ಅಪ್ಪನ ಪಕ್ಕದ ಮೇಜಿನವರು ಅಲ್ಲವೇ, ಅವರ ನಂಬರನ್ನೂ ಅಪ್ಪ ಕೊಟ್ಟಿದ್ದರಂತೆ. ಅಪ್ಪ ನನಗೆ ಮಾವನ ಮನೆಯಲ್ಲಿ ಹತ್ತು ದಿನ ಇದ್ದು ಬರುತ್ತೇನೆ ಅಂತ ಹೇಳಿ ಇಲ್ಲಿಗೆ ಬಂದರು. ಬುಧವಾರ ಯಾವಾಗ ಫೋನ್ ಮಾಡಿದರೂ ಮಾವ, ಅಪ್ಪ ಸ್ನಾನಕ್ಕೆ ಹೋಗಿದ್ದಾರೆ, ಮಲಗಿದ್ದಾರೆ ಅನ್ನತೊಡಗಿದಾಗ ಅಪ್ಪನ ಪೆಟ್ಟಿಗೆ ತೆಗೆದೆ. ಅದರಲ್ಲಿ ಪಾಸ್‌ಪೋರ್ಟ್ ಇಲ್ಲ. ನಿನ್ನೆ ಬೆಳಿಗ್ಗೆಯ ರೈಲು ಹಿಡಿದು ಇಲ್ಲಿಗೆ ಬಂದೆ. ವೀಸಾ ಕೈಗೆ ಸಿಕ್ಕಿದ್ದೇ ತಡವಾಗಿ, ಅಪ್ಪ ಬುಧವಾರವಷ್ಟೇ ಚೆನ್ನೈಗೆ ಹೊರಟಿದ್ದರಂತೆ. ಮಾವ ತೆಲುಗು ಬೆರೆಸಿದ ತಮ್ಮ ಅರೆಬರೆ ಕನ್ನಡದಲ್ಲಿ, "ಏಮಮ್ಮಾ ಹಂಸಾ, ನರಹರಿ ಗಾರು ಏನು ಚಿಕ್ಕ ಮಗುವಾ? ನಿನಗೆ ಹೇಳಿದರೆ ಬಿಡ್ತಿದ್ಯಾ?" ಅಂದರು. ಬಿಡುತ್ತಿರಲಿಲ್ಲ.

ಅವರು ತಲುಪಿದರೋ ಇಲ್ಲವೋ ಇನ್ನೂ ತಿಳಿದಿಲ್ಲ. ಫೋನಿನ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಆ ಬಿಸಿಲಿನಲ್ಲಿ ಎಲ್ಲಾದರೂ ಕುಸಿದರೆ ಅವರ ಮಾತು ಮುಗಿಯುವ ತನಕ ಕಾಯುವವರು ಅಲ್ಲಿ ಯಾರಿದ್ದಾರೆ?

ಅತ್ತಿಗೆಗೆ ನನ್ನ ನೆನಪು ಹೇಳು. ನಿನಗೆ ನಮಸ್ಕಾರ.

ನಿನ್ನ ತಂಗಿ,
ಹಂಸಾ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪನ ಫೋನ್ ಬಂತು. ಅವರು ಇಳಿದದ್ದು ನಿನ್ನೆ ಮಧ್ಯಾಹ್ನ, ಬೆಳಿಗ್ಗೆಯೇ ಎಲ್ಲ ಮುಗಿದಿತ್ತು. ಕೊಡೆ ಹಿಡಿದವರು ಪಕ್ಕದ ಮನೆಯವರಂತೆ. ಲಿಮ್ ಅವರ ಅಕ್ಕ ಜೂನ್‌ನಲ್ಲೇ ಕಾಗದ ಬರೆದದ್ದನ್ನು ಹೇಳಿದ್ದಾರೆ. ನಾನೇ ಬಚ್ಚಿಟ್ಟೆ ಅಂತ ಒಪ್ಪಿಕೊಂಡೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ತೊದಲಿಗೆ ನಿಂತರೋ ಸಿಟ್ಟಿಗೋ ತಿಳಿಯಲಿಲ್ಲ, ನಾನು ಕಾದೆ. ವಾಪಸ್ ಬಂದ ಮೇಲೆ ವಿಜಯವಾಡದಲ್ಲೇ ಇರುತ್ತೇನೆ, ನಿನ್ನ ಮನೆಗೆ ಬರುವುದಿಲ್ಲ ಅಂದರು. ಇಪ್ಪತ್ತರಂದು ಚೆನ್ನೈನಲ್ಲಿ ಇಳಿಯುತ್ತಾರೆ. ರಜೆ ಹಾಕಿ ಬಾ ಅಣ್ಣಾ, ನಾನೊಬ್ಬಳೇ ಎದುರು ನಿಲ್ಲಲಾರೆ. ಆದರೆ ಫೋನ್ ಇಡುವ ಮುಂಚೆ, ನಾನು ಕೇಳದೆಯೇ, "ಮಾ... ಮಾತ್ರೆ ತಗೊಂಡಿದೀನಿ" ಅಂದರು.