ಇವರ ಕತ್ತಿನಲ್ಲಿ ನನ್ನ ತಾಳಿ

ಮೇ 17, ಭಾನುವಾರ. ರೆಸಾರ್ಟಿನ ರೂಮು.

ಕತ್ತು ಮುಟ್ಟಿ ಮುಟ್ಟಿ ನೋಡ್ಕೋತಿದೀನಿ. ಮಾತು ಬಿಟ್ಟಿರೋ ಗಂಡ-ಹೆಂಡ್ತಿ ನಮ್ಮಿಬ್ಬರನ್ನ ಅತ್ತೆಯೇ ಬಲವಂತ ಮಾಡಿ ಕಿರಂಗೂರಿಂದ ಇಲ್ಲಿಗೆ ಕಳಿಸಿದ್ದು. ನೀರಿನ ರೈಡು ಹತ್ತುವಾಗ ಅಲ್ಲಿನ ಹುಡುಗಿ, "ಸರ ಬಿಚ್ಚಿಡಿ ಮೇಡಂ" ಅಂದಳು. ಮದುವೆಯಾದಾಗಿಂದ ತಾಳಿ ಬಿಚ್ಚಿದವಳಲ್ಲ ನಾನು. ಲಾಕರಿನಲ್ಲಿ ಚಪ್ಪಲಿ ಜೊತೆ ಹೆಂಗೆ ಇಡೋದು? ರೈಡು ಬ್ಯಾಡ ಅಂತ ಕೆಳಗೇ ನಿಂತಿದ್ದ ಇವರು, "ನಾನಿಟ್ಕತೀನಿ, ತತ್ತಾ ಇಲ್ಲಿ" ಅಂತ ಇಸ್ಕೊಂಡು ತಮ್ಮ ಕತ್ತಿಗೇ ಹಾಕ್ಕೊಂಡ್ರು. ಇಡೀ ದಿನ ಆಡಿದ ಮಾತು ಅದೊಂದೇ.

ಊಟದ ಹೊತ್ತಲ್ಲೂ ವಾಪಸ್ ಕೊಡಲಿಲ್ಲ. ಬಡಿಸೋರು ಕರಿಮಣಿ ನೋಡಿ ನಕ್ಕರೂ ತೆಗೀಲಿಲ್ಲ. ನಾನೂ ಕೇಳಲಿಲ್ಲ. ಈಗ ಅದನ್ನ ಮುಷ್ಟೀಲಿ ಹಿಡ್ಕೊಂಡೇ ಮಲಗವ್ರೆ.

ಬೆಳಗ್ಗೆ ತಾಳಿ ವಾಪಸ್ ಕೇಳ್ಬೇಕು. ಅಷ್ಟೆತ್ತರದಿಂದ ಜಾರುವಾಗ ನಂಗೆ ಭಯ ಆಗಲಿಲ್ಲ. ಕತ್ತು ಹಗುರಾಗಿ ಹಿತ ಅನ್ನಿಸ್ತಲ್ಲ, ಅದಕ್ಕೇ ಈಗ ಭಯ.