ಬಳೆಚೂರಿನ ತೋರಣ

ಡೊಂಬಿವಲಿ, ೧೯೭೮

ಏನ್ರೀ,

ನಮ್ಮ ಖೋಲಿಯ ಬಾಗಿಲಿಗೆ ಬಳೆಚೂರಿನ ತೋರಣ ಇವತ್ತು ಮುಗಿಯಿತು. ಚೂರುಗಳನ್ನು ಮೇಣದ ಬತ್ತಿಯ ಉರಿಗೆ ಹಿಡಿದು ಬಾಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸಾಕಾಗಿದೆ, ಬೆರಳೆಲ್ಲ ಸುಟ್ಟುಕೊಂಡಿದ್ದೇನೆ. ಚಾಳಿನ ಸಾಲುಮನೆಯವರೆಲ್ಲ ಕೆಂಪು, ಹಳದಿ ಚೂರು ಕೊಟ್ಟರೂ ಹಸಿರು ಸಾಲದೆ ಕೆಲಸ ನಿಂತಿತ್ತಲ್ಲ. ನೀವು ಹೋದ ಮೇಲೆ ನನ್ನ ಕೈಯ ಹಸಿರು ಬಳೆಗಳನ್ನು ಒಡೆದರು. ಆ ಚೂರುಗಳನ್ನು ಪಕ್ಕದ ಮಾನಮ್ಮ ಆರಿಸಿ ಇಟ್ಟಿದ್ದಳಂತೆ, ಬೆಳಿಗ್ಗೆ ತಂದುಕೊಟ್ಟಳು.

"ಚೆಲ್ಲಾಕ ಮನಸ್ಸಾಗಲಿಲ್ಲ ತಂಗಿ. ಭಾಳ ಅವ, ನೆಲಾ ಮುಟ್ಟೋ ಹಂಗ ಉದ್ದ ಮಾಡು."

ಫ್ಯಾಕ್ಟರಿಯಿಂದ ದಣಿದು ಬಂದವನು ಮನೆಯ ಬಾಗಿಲಲ್ಲೂ ತಲೆ ಬಗ್ಗಿಸಬೇಕೇನು ಎಂದು ತೋರಣ ಶುರು ಮಾಡಿದಾಗಲೇ ನೀವು ಗೊಣಗಿದ್ದಿರಿ. ಅದಕ್ಕೆ ಗೇಣುದ್ದವೇ ಕಟ್ಟಿದ್ದೇನೆ. ನಿಮ್ಮಷ್ಟು ಎತ್ತರ ಬರುವ ಹಾಗೆ ಸ್ಟೂಲು ಹತ್ತಿ ನಿಂತು ನೋಡಿದೆ.

ನಿಮ್ಮ ತಲೆಗೆ ತಾಗುವುದಿಲ್ಲ.