ಎತ್ತಿಕೊಳ್ಳದ ಕೂಸು

ಬೆರೋಯ,
ಅರ್ತೆಮಿಸಿಯೊಸ್ ತಿಂಗಳು, ಹುಣ್ಣಿಮೆಯ ಮಾರನೆಯ ದಿನ

ಥೆಸಲೊನೀಕೆಯಲ್ಲಿರುವ ಹಿರಿಮಗಳು ಅದೇಯಾಳಿಗೆ ತಾಯಿ ಪರಮೋನಾಳ ಆಶೀರ್ವಾದಗಳು. ನಿನ್ನನ್ನೂ ಅಳಿಯಂದಿರನ್ನೂ ಚೆನ್ನಾಗಿಟ್ಟಿರು ಎಂದು ಮನೆಯ ಅಗ್ಗಿಷ್ಟಿಕೆಯ ದೇವತೆಗೆ ದಿನವೂ ಕೈಮುಗಿಯುತ್ತೇನೆ.

ಮೊದಲು ಒಂದು ಮಾತು, ಆಮೇಲೆ ಉಳಿದದ್ದು. ನಿನ್ನ ತಂಗಿ ಲಾನಿಕೆ ಬದುಕಿದ್ದಾಳೆ. ಊರಿನವರು ಅವಳನ್ನು ಕಲ್ಲೆಸೆದು ಕೊಂದರು ಎಂದು ನೀನು ಕೇಳಿದ್ದು ಸುಳ್ಳು. ಬದುಕಿದ್ದರೂ ನಿಮ್ಮ ಮನೆಯಲ್ಲಿ ಅವಳ ಹೆಸರೆತ್ತಬಾರದೆಂದು ಅಳಿಯಂದಿರು ಹೇಳಿದ್ದಾರೆಂದು ಬರೆದಿದ್ದೀಯ. ಹಾಗಿದ್ದರೆ ಈ ಪತ್ರವನ್ನು ಒಬ್ಬಳೇ ಇದ್ದಾಗ ಓದಿ ಒಲೆಗೆ ಹಾಕು. ಸಂತೆಯ ಬರಹಗಾರನ ಮುಂದೆ ಹೇಳಿ ಬರೆಸುವ ವಿಷಯವಲ್ಲವೆಂದು ನಾನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಅವಳ ಗಂಡ ತೀರಿಕೊಂಡ ಮೇಲೆ ಒಳ್ಳೆಯ ಸಂಬಂಧವೊಂದು ಬಂದಿತ್ತು, ನಿನಗೆ ಗೊತ್ತು. ಮತ್ತೆ ಮದುವೆ ಬೇಡವೆಂದಳು. ದುಃಖ ಇಳಿಯಲಿ ಎಂದು ಸುಮ್ಮನಾದೆ. ಅಷ್ಟರಲ್ಲಿ ಅವಳ ಮನೆಗೆ ಆ ಕ್ರಿಸ್ತನ ಜನ ಬರತೊಡಗಿದರು. ಚರ್ಮ ಹದಮಾಡುವವರು, ಹಡಗಿನ ಕೂಲಿಗಳು, ಯಾರ‍್ಯಾರದೋ ಮನೆಯ ಆಳುಗಳು. ಒಂದು ದಿನ ಹೋಗಿ ನೋಡುತ್ತೇನೆ, ನಮ್ಮ ಮನೆಯಿಂದಲೇ ಬಳುವಳಿಯಾಗಿ ಹೋದ ದಾಸಿ ಹೆರಾಯಿಸ್ ಲಾನಿಕೆಯ ಪಕ್ಕದಲ್ಲೇ ಕೂತು ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಿದ್ದಾಳೆ! ನನ್ನನ್ನು ನೋಡಿ ಅವಳು ಗಾಬರಿಯಿಂದ ಎದ್ದಳು. ಲಾನಿಕೆ ಅವಳ ಕೈ ಹಿಡಿದು ಕೂರಿಸಿ, "ಕೂತ್ಕೋ ಅಕ್ಕಾ, ಅಮ್ಮ ಏನೂ ಅನ್ನಲ್ಲ" ಎಂದಳು. ಅಕ್ಕನಂತೆ! ನಿನ್ನನ್ನು ಕರೆಯುವ ಹೆಸರಿನಲ್ಲಿ ಅವಳನ್ನು ಕರೆದಳು. ನಾನು ನೀರನ್ನೂ ಮುಟ್ಟದೆ ಬಂದೆ.

ಅದನ್ನಾದರೂ ನುಂಗಿಕೊಂಡೆ. ನುಂಗಲಾಗದ್ದು ನಿಮ್ಮಪ್ಪನ ವರ್ಷದ ದಿನ ನಡೆಯಿತು. ಸಮಾಧಿಯ ಬಳಿಗೆ ಬಂದಳು, ಹೂವಿಟ್ಟಳು, ಅತ್ತಳು. ವೈನು ಸುರಿಯುವ ಹೊತ್ತಿಗೆ ಹಿಂದಕ್ಕೆ ಸರಿದು ನಿಂತಳು. ಸತ್ತವರಿಗಿಟ್ಟ ಎಡೆಯನ್ನೂ ಮುಟ್ಟಲಿಲ್ಲ. ಸೋದರತ್ತೆಯರೆಲ್ಲ ನೋಡುತ್ತಿದ್ದರು. "ನಿಮ್ಮಪ್ಪ ಬಾಯಾರಿಕೊಂಡಿರಲಿ ಅಂತಾನಾ?" ಎಂದು ಗದರಿದೆ. "ಅಪ್ಪನ್ನ ಮರ್ತಿಲ್ಲಮ್ಮ. ಆದ್ರೆ ಅವ್ರು ಈ ಮಣ್ಣಲ್ಲಿ ಕೂತು ವೈನಿಗೆ ಕಾಯ್ತಿಲ್ಲ" ಎಂದಳು. ಎಷ್ಟು ಮೆಲ್ಲಗೆ ಹೇಳಿದಳೆಂದರೆ ಹೊಡೆಯಲು ಎತ್ತಿದ ಕೈ ಹಾಗೇ ಇಳಿಯಿತು.

ನಿನಗೆ ಇದು ಅರ್ಥವಾಗುತ್ತದೆ ಅದೇಯಾ. ಸಿರಿಯಾದ ದೇವತೆ ನಮ್ಮೂರಿಗೆ ಬಂದಾಗ ಯಾರು ಬೇಡವೆಂದರು? ಈಜಿಪ್ಟಿನವಳು ಬಂದಾಗಲೂ ಜಾಗ ಕೊಟ್ಟೆವು. ಇವರ ದೇವರೂ ಬಂದು ಒಂದು ಮೂಲೆಯಲ್ಲಿ ಕೂತಿದ್ದರೆ ಅವನಿಗೂ ಒಂದು ದೀಪ ಹಚ್ಚುತ್ತಿದ್ದೆವು. ಅವನಿಗೆ ಪಕ್ಕದಲ್ಲಿ ಇನ್ನೊಬ್ಬರು ಕೂರುವುದೇ ಆಗದಂತೆ. ಊರಿಗೆ ಉರಿದದ್ದು ಅದು.

ಈ ವಸಂತದಲ್ಲಿ ದ್ರಾಕ್ಷಿ ಚಿಗುರುವ ಹೊತ್ತಿಗೆ ಆಲಿಕಲ್ಲು ಬಿತ್ತು. ಬೆಟ್ಟದ ಇಳಿಜಾರಿನ ತೋಟಗಳಲ್ಲಿ ಒಂದು ಕುಡಿ ಉಳಿಯಲಿಲ್ಲ. ಊರು ಕಾಯುವ ಬೇಟೆಗಾರ ದೇವರು ಹೆರಕ್ಲೆಸ್ ಮುನಿದಿದ್ದಾನೆ ಎಂದು ಮೆರವಣಿಗೆ ಹೊರಟಿತು. ಮನೆಗೊಬ್ಬರು ಬಂದು ಬಲಿಪೀಠಕ್ಕೆ ಚಿಟಿಕೆ ಧೂಪ ಹಾಕಬೇಕೆಂದು ಡಂಗುರ ಸಾರಿದರು. ಕುಂಟರು, ಮುದುಕರು ಎಲ್ಲರೂ ಬಂದರು. ಲಾನಿಕೆಯ ಮನೆಯ ಬಾಗಿಲು ಮುಚ್ಚಿಯೇ ಇತ್ತು.

ಮರುದಿನದಿಂದ ರೊಟ್ಟಿಯವನು ಅವಳಿಗೆ ರೊಟ್ಟಿ ಕೊಡಲಿಲ್ಲ. ಆಮೇಲೆ ಇನ್ನೊಂದು ಮಾತು ಹುಟ್ಟಿತು. ಬಲಿಯ ಮಾಂಸ ಮಾರುವ ಹರ್ಪಾಲೊಸ್ ಅದನ್ನು ಹುಟ್ಟಿಸಿದ ಎಂದು ನನ್ನ ಅನುಮಾನ. ಆ ಜನ ದೇವರ ಮುಂದೆ ಕಡಿದದ್ದನ್ನು ಕೊಳ್ಳುವುದಿಲ್ಲವೆಂದು ಅವನಿಗೆ ಮೊದಲಿಂದಲೂ ಹೊಟ್ಟೆಯುರಿ. ನೀರಿನ ಕಟ್ಟೆಯಲ್ಲಿ ಹೆಂಗಸೊಬ್ಬಳು ನನ್ನ ಕೊಡಕ್ಕೆ ತನ್ನ ಕೊಡ ತಾಗಿಸಿ ಕೇಳಿದಳು: "ಏನ್ ಪರಮೋನಮ್ಮ, ಮಗಳು ಊಟಕ್ಕೆ ಕರೀಲಿಲ್ವಾ? ಎಳೇ ಮಾಂಸವಂತೆ!" ಸುತ್ತಲಿದ್ದವರು ನಕ್ಕರು. ಗೋಡೆಯಾಚೆ ತಿಪ್ಪೆಯಲ್ಲಿ ಬಿಟ್ಟ ಕೂಸುಗಳನ್ನು ಲಾನಿಕೆ ಹೊತ್ತೊಯ್ಯುವುದನ್ನು ಯಾರೋ ನೋಡಿದ್ದರು. ಹೊತ್ತೊಯ್ದು ಏನು ಮಾಡುತ್ತಾಳೆ ಎಂಬುದನ್ನು ಊರೇ ಕಟ್ಟಿಕೊಂಡಿತ್ತು.

ಕೊಡ ಅಲ್ಲೇ ಬಿಟ್ಟು ಅವಳ ಮನೆಗೆ ಓಡಿದೆ. ಉಣ್ಣೆಯ ಮೂಟೆ ಇಡುತ್ತಿದ್ದ ಕೋಣೆಯಲ್ಲಿ ಮೂರು ಕೂಸುಗಳಿದ್ದವು. ಒಂದು ಹೆರಾಯಿಸಳ ತೊಡೆಯ ಮೇಲೆ ಆಡಿನ ಹಾಲು ಕುಡಿಯುತ್ತಿತ್ತು.

"ನಿಂಗೇನ್ ತಲೆ ಕೆಟ್ಟಿದೆಯೇನೇ? ಊರೋರು ಬಿಸಾಕಿದ್ದನ್ನ ಹೆಕ್ಕೊಂಡ್ ಬರ್ತೀಯಲ್ಲ!"

"ಇವೇನ್ ಹರಿದ ಬಟ್ಟೇನಾ ಅಮ್ಮ, ಬಿಸಾಕೋಕೆ?"

"ಅಪ್ಪ ಎತ್ಕೊಳ್ಳದ ಕೂಸು ಯಾರ ಮನೇದೂ ಅಲ್ಲ. ಇದು ನಾನ್ ಮಾಡಿದ್ದಲ್ಲ, ಲೋಕ ನಡ್ಕೊಂಡ್ ಬಂದಿರೋ ರೀತಿ."

"ದೊರೆ ಮನೇಲಿ ಹುಟ್ಟಿದ್ದಕ್ಕೂ ತಿಪ್ಪೇಲಿ ಸಿಕ್ಕಿದ್ದಕ್ಕೂ ಉಸಿರು ಕೊಟ್ಟೋನು ಒಬ್ನೇ ಅಮ್ಮ. ಅವ್ನು ಕೊಟ್ಟಿದ್ದನ್ನ ಬೇಡ ಅನ್ನೋಕೆ ನಾವ್ಯಾರು?"

"ಹಾಗಾದ್ರೆ ನಮ್ಮಜ್ಜಿ ಮುತ್ತಜ್ಜಿಯರೆಲ್ಲ ಕೊಲೆಗಡುಕರೇನೇ?" ಎಂದೆ.

ಅವಳು ತಲೆ ತಗ್ಗಿಸಿಕೊಂಡು ಕೂಸಿನ ಬಟ್ಟೆ ಸರಿಮಾಡಿದಳು. ಅವಳು ಆಡಿದ ಮಾತಿಗಿಂತ ಆಡದೆ ಉಳಿಸಿದ್ದೇ ನನ್ನನ್ನು ಹೆಚ್ಚು ಸುಟ್ಟಿತು. ಬಾಗಿಲು ದಾಟುವಾಗ ಇನ್ನೊಂದು ಕೂಸಿನ ಮೇಲೆ ಕಣ್ಣು ಬಿತ್ತು. ಅದರ ಎರಡು ಪಾದವೂ ಒಳಕ್ಕೆ ತಿರುಗಿತ್ತು. ಆ ಪಾದಗಳನ್ನು ನಾನು ಮೊದಲೇ ನೋಡಿದ್ದೆ.

ನಮ್ಮ ಬೀದಿಯಲ್ಲಿ ಹೇಸರಗತ್ತೆ ಹೊಡೆಯುವ ದ್ರಾಕಾಸ್ ಇದ್ದಾನಲ್ಲ, ಅವನ ಹೆಂಡತಿ ಜೋಸಿಮೆಗೆ ಕಳೆದ ದ್ರಾಕ್ಷಿ ಸುಗ್ಗಿಯಲ್ಲಿ ಹೆರಿಗೆಯಾಯಿತು. ಕೂಸು ಹಿಡಿಯಲು ಹೋದವಳು ನಾನು. ದ್ರಾಕಾಸ್ ಬಂದು ನೆಲದ ಮೇಲಿದ್ದ ಕೂಸನ್ನು ನೋಡಿದ, ಪಾದ ನೋಡಿದ, ಎತ್ತಿಕೊಳ್ಳದೆ ಹೊರಗೆ ಹೋದ. ಕೂಸು ಉಳಿಯಲಿಲ್ಲ ಎಂದು ಬೀದಿಗೆಲ್ಲ ಹೇಳಿದರು. ನಾನೂ ಹಾಗೇ ಹೇಳಿದೆ. ಯಾರ ಮುಂದೆಯೂ ಬಾಯಿ ಬಿಡುವುದಿಲ್ಲವೆಂದು ಅಗ್ಗಿಷ್ಟಿಕೆಯ ಮೇಲೆ ಕೈಯಿಡಿಸಿ ಜೋಸಿಮೆ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು.

ನಾನು ಆ ಕೂಸುಗಳನ್ನು ಕಂಡು ಎರಡು ದಿನ ಕಳೆಯುವುದರೊಳಗೆ ಲಾನಿಕೆಯನ್ನು ಹಿಡಿದು ಚೌಕಕ್ಕೆ ತಂದರು. ಹೆರಾಯಿಸ್ ಮಕ್ಕಳನ್ನು ಎತ್ತಿಕೊಂಡು ಹಿಂದೆಯೇ ಬಂದಳು. ವಿಚಾರಣೆಗೆ ಕೂತವನು ಆಲ್ಕೆತಾಸ್. ನಿಮ್ಮಪ್ಪನ ಜೊತೆ ನಮ್ಮ ಮನೆಯಲ್ಲಿ ಎಷ್ಟು ಸಲ ಉಂಡವನು! ನನ್ನ ಕಡೆ ನೋಡಲೂ ಇಲ್ಲ.

"ತಿಪ್ಪೆಯಿಂದ ಎತ್ಕೊಂಡ್ ಹೋದ ಕೂಸುಗಳು ಎಲ್ಲಿ?" ಎಂದು ಕೇಳಿದ.

"ಇಲ್ಲೇ ಇದಾವೆ. ಎರಡು ಚಳಿ ಹಿಡಿದು ಉಳೀಲಿಲ್ಲ. ನನ್ನ ಗಂಡನ ಪಕ್ಕದಲ್ಲಿ ಮಣ್ಣು ಮಾಡಿದೀನಿ."

"ಮೂಳೆ ಮಾತ್ರ ಹೂತಿರ್ತಾಳೆ!" ಎಂದು ಹರ್ಪಾಲೊಸ್ ಕೂಗಿದ. "ಇವು ಆಳುಗಳ ಮಕ್ಕಳು ಸ್ವಾಮಿ! ತೋರಿಸೋಕೆ ಅಂತ ತಂದವ್ಳೆ!" ಜನ ಹೋ ಎಂದಿತು. ಎಲ್ಲಿಂದಲೋ ಒಂದು ಕಲ್ಲು ಬಂದು ಹೆರಾಯಿಸಳ ಭುಜಕ್ಕೆ ಬಿತ್ತು. ಅವಳು ಮಕ್ಕಳಿಗೆ ಬೆನ್ನು ಮರೆಮಾಡಿ ಬಗ್ಗಿ ನಿಂತಳು.

ಆಲ್ಕೆತಾಸ್ ಕೋಲು ಕುಟ್ಟಿ ಸದ್ದಡಗಿಸಿದ. "ಈ ಕೂಸುಗಳು ಗೋಡೆಯಾಚೆ ಬಿಟ್ಟಿದ್ದವೇ ಅಂತ ಒಬ್ಬರಾದ್ರೂ ಗುರುತು ಹೇಳಿದ್ರೆ ತಿನ್ನೋ ಮಾತು ಇಲ್ಲಿಗೇ ಮುಗೀತು. ಇಲ್ದಿದ್ರೆ ಇವಳನ್ನ ರೋಮಿನ ಅಧಿಪತಿ ಹತ್ರ ಕಳಿಸ್ತೀನಿ. ಆಮೇಲೆ ನನ್ ಕೈಲಿಲ್ಲ" ಎಂದ. ಅಧಿಪತಿಯ ಬಳಿ ಹೋದವರು ಎಲ್ಲಿಗೆ ಹೋಗುತ್ತಾರೆಂದು ಥೆಸಲೊನೀಕೆಯಲ್ಲಿರುವ ನಿನಗೆ ನಾನು ಹೇಳಬೇಕೆ? ಮನುಷ್ಯರನ್ನು ಎಸೆಯುವ ಆ ಮೃಗಗಳ ಬೋನಿನ ಸದ್ದು ನಿಮ್ಮ ಮನೆಯ ಮಹಡಿಗೇ ಕೇಳಿಸುತ್ತದೆ.

ನಾನು ಸುತ್ತ ನೋಡಿದೆ. ಅಷ್ಟು ಹೊತ್ತು ಕೂಗುತ್ತಿದ್ದ ಹೆಂಗಸರಲ್ಲಿ ಎಷ್ಟೋ ಜನ ನೆಲ ನೋಡುತ್ತಿದ್ದರು. ಜೋಸಿಮೆ ಗಂಡನ ಹಿಂದೆ ಸೆರಗು ಎಳೆದುಕೊಂಡು ನಿಂತಿದ್ದಳು.

ಆಣೆ ಮುರಿಯಲು ನನ್ನಿಂದಾಗಲಿಲ್ಲ ಅದೇಯಾ. ಬಾಯಿ ಬಿಡದೆ ಜನರ ನಡುವೆ ನಡೆದುಹೋಗಿ ಜೋಸಿಮೆಯ ಮುಂದೆ ಮಣ್ಣಿನಲ್ಲಿ ಕೂತು, ದೇವಸ್ಥಾನದಲ್ಲಿ ಮೊರೆಹೊಕ್ಕವರು ಹಿಡಿಯುವ ಹಾಗೆ ಅವಳ ಮೊಣಕಾಲುಗಳನ್ನು ಹಿಡಿದುಕೊಂಡೆ. ದ್ರಾಕಾಸ್, "ಏಯ್ ಮುದುಕಿ, ಬಿಡು" ಎಂದು ನನ್ನ ಭುಜ ಎಳೆದ. ನಾನು ಬಿಡಲಿಲ್ಲ. ಇಡೀ ಚೌಕ ನಮ್ಮತ್ತ ತಿರುಗಿತು. ಇವಳು ಹೇಳುವುದಿಲ್ಲ, ನನ್ನ ಮಗಳು ಹೋದಳು ಎಂದು ಕಣ್ಣು ಮುಚ್ಚಿಕೊಂಡೆ.

"ನಂದು" ಎಂದಳು ಜೋಸಿಮೆ. ಸೆರಗು ಸರಿಸಿ ಮತ್ತೆ ಹೇಳಿದಳು: "ಆ ಕಾಲು ಸೊಟ್ಟಗಿರೋ ಕೂಸು ನಂದು. ನಾನೇ ಹೆತ್ತಿದ್ದು. ಸತ್ತಿರ್ಲಿಲ್ಲ. ತಿಪ್ಪೇಲಿ ಬಿಟ್ಟಿದ್ವಿ."

ಆಲ್ಕೆತಾಸ್ ಕೂಸನ್ನು ತರಿಸಿ ಪಾದ ನೋಡಿದ. ತಿನ್ನುವ ಆರೋಪ ಬಿತ್ತು ಎಂದ. ನಂತರ ಲಾನಿಕೆಯನ್ನು ಹತ್ತಿರ ಕರೆದು, ಮಗಳಿಗೆ ಹೇಳುವಂತೆ ಹೇಳಿದ: "ನೋಡಮ್ಮ, ಒಂದ್ ಚಿಟಿಕೆ ಧೂಪ. ಹಾಕು, ಮನೆಗೆ ಹೋಗು. ಮನಸ್ಸಲ್ಲಿ ಏನಾದ್ರೂ ಇಟ್ಕೋ, ಯಾರ್ ಕೇಳ್ತಾರೆ?"

"ಮನಸ್ಸಲ್ಲಿ ಇಲ್ದಿದ್ದನ್ನ ಕೈ ಹೇಗೆ ಮಾಡುತ್ತೆ ಮಾವ?" ಎಂದಳು.

ಸೂರ್ಯ ಮುಳುಗುವುದರೊಳಗೆ ಊರು ಬಿಡಬೇಕೆಂದು ತೀರ್ಪಾಯಿತು. ಅಷ್ಟಕ್ಕೇ ಮುಗಿದಿದ್ದರೆ ನಾನು ದೇವರಿಗೆ ಮೇಕೆ ಕಡಿಸುತ್ತಿದ್ದೆ. ಆದರೆ ದ್ರಾಕಾಸ್ ಮುಂದೆ ಬಂದ. ಊರೆದುರು ಮಾನ ಹೋದ ಗಂಡಸಿನ ಮುಖ ಹೇಗಿರುತ್ತದೆಂದು ನಿನಗೆ ಗೊತ್ತಿಲ್ಲ, ಗೊತ್ತಾಗದಿರಲಿ. "ನನ್ ಹೆಂಡ್ತಿ ಹೆತ್ತಿದ್ದು ಅಂದ್ಮೇಲೆ ಅದು ನಂದು. ಕೊಡು ಇತ್ಲಾಗೆ" ಎಂದ. ಬಿಟ್ಟ ಕೂಸಿನ ಮೇಲೂ ತಂದೆಯ ಹಕ್ಕು ಹೋಗುವುದಿಲ್ಲ, ಕಾನೂನೇ ಹಾಗೆ. "ತಗೊಂಡ್ ಹೋಗಿ ಮಾರ್ಕೊಳೋ! ಭಿಕ್ಷೆ ಬೇಡ್ಸೋರು ಇಂಥ ಕಾಲುಗಳ್ನೇ ಹುಡುಕ್ತಿರ್ತಾರೆ!" ಎಂದು ಹರ್ಪಾಲೊಸ್ ನಕ್ಕ.

ಕಲ್ಲು ಬಿದ್ದಾಗ ಅಳದವಳು, ದೇವರ ಮುಂದೆ ತಲೆ ಬಾಗದವಳು, ನಿನ್ನ ತಂಗಿ ಆ ಹೇಸರಗತ್ತೆ ಹೊಡೆಯುವವನ ಕಾಲಿಗೆ ಬಿದ್ದಳು. "ಮಾರ್ಬೇಡ ಅಣ್ಣಾ. ನಿಂಗೆ ಬೇಡಾಂದ್ರೆ ನಂಗೆ ಕೊಡು. ಬದ್ಲಿಗೆ ನಾನೇ ನಿನ್ ಮನೇಲಿ ದಾಸಿಯಾಗಿರ್ತೀನಿ" ಎಂದು ಅವನ ಧೂಳು ಮೆತ್ತಿದ ಪಾದ ಹಿಡಿದು ಅತ್ತಳು. ಮಾನವಂತರ ಮನೆಯ ಮಗಳು! ಜನ ಮೊದಲು ನಕ್ಕರು. ಆಮೇಲೆ ಆ ನಗು ಅವರಿಗೇ ಸರಿಬರಲಿಲ್ಲ. ನಾನು ನಾಚಿಕೆಯಿಂದ ಸಾಯಬೇಕಿತ್ತು. ಸಾಯಲಿಲ್ಲ. ಅವಳಂಥ ಎದೆ ನನಗಿಲ್ಲವಲ್ಲ ಎನಿಸಿತು. ದ್ರಾಕಾಸ್ ಕಾಲು ಕೊಡವಿಕೊಂಡು ಕೂಸನ್ನು ಕಂಕುಳಲ್ಲಿ ಇರುಕಿಕೊಂಡು ಹೋದ.

ಬೆಳಕಿರುವಾಗಲೇ ಲಾನಿಕೆ, ಹೆರಾಯಿಸ್ ಮತ್ತು ಯಾರೂ ತಮ್ಮದೆನ್ನದ ಆ ಎರಡು ಕೂಸುಗಳು ದಕ್ಷಿಣದ ಬಾಗಿಲಿನಿಂದ ಹೊರಟರು. ಆಲಿವ್, ಗಿಣ್ಣು, ನನ್ನ ಉಣ್ಣೆಯ ಶಾಲು ಕೊಟ್ಟೆ. ಹೆರಾಯಿಸಳ ಭುಜಕ್ಕೆ ನಾನೇ ಎಣ್ಣೆ ಹಚ್ಚಿ ಕಟ್ಟಿದೆ. ಅವರು ಸೇರಿದ ಊರು ಯಾವುದೆಂದು ನನಗೆ ಗೊತ್ತು, ನಿನಗೆ ಬರೆಯುವುದಿಲ್ಲ. ಕೋಪಿಸಿಕೊಳ್ಳಬೇಡ.

ಮರುದಿನ ಬೆಳಿಗ್ಗೆ ದ್ರಾಕಾಸ್ ಹೇಸರಗತ್ತೆಗೆ ತಡಿ ಬಿಗಿದ. ಬುಟ್ಟಿಯೊಂದನ್ನು ಕಟ್ಟಿದ್ದ. ಜೋಸಿಮೆ ಕೂಸನ್ನು ಅವುಚಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. "ಏಳೇ" ಎಂದು ಕೋಲೆತ್ತಿದ. ಅವಳು, "ಊರ್ ಮುಂದೆ ನಂದು ಅಂದ್ಬಿಟ್ಟಿದೀನಿ. ಇನ್ಮೇಲೆ ಅಲ್ಲ ಅನ್ನೋಕೆ ನಂಗೆ ಬಾಯಿ ಬರಲ್ಲ. ಮಾರೋದಾದ್ರೆ ಇಬ್ರನ್ನೂ ಮಾರು" ಎಂದಳು. ನಾನು ನಮ್ಮ ಬಾಗಿಲಲ್ಲಿ ನಿಂತೆ. ಎದುರುಮನೆಯವಳು ಹೊರಬಂದಳು. ನೀರಿಗೆ ಹೊರಟವರು ಕೊಡ ಹೊತ್ತುಕೊಂಡೇ ನಿಂತರು. ಎಳೇ ಮಾಂಸದ ಮಾತಾಡಿ ನನ್ನನ್ನು ಹಂಗಿಸಿದವಳೂ ಅವರಲ್ಲಿದ್ದಳು. ಯಾರೂ ತುಟಿ ಬಿಚ್ಚಲಿಲ್ಲ, ಯಾರೂ ಹೋಗಲೂ ಇಲ್ಲ. ದ್ರಾಕಾಸ್ ನಮ್ಮೆಲ್ಲರನ್ನೂ ನೋಡಿದ. ಬಾಯಿಗೆ ಬಂದಂತೆ ಬೈದ. ಕೊನೆಗೆ ಬುಟ್ಟಿ ಕಿತ್ತೆಸೆದು ಬರಿ ಹೇಸರಗತ್ತೆ ಹೊಡೆದುಕೊಂಡು ಹೋದ.

ಕೂಸು ಅವರ ಮನೆಯಲ್ಲೇ ಇದೆ. ಅವನಿನ್ನೂ ಅದನ್ನು ಎತ್ತಿಕೊಂಡಿಲ್ಲ. ಆದರೆ ಮೊನ್ನೆ ಅದು ಅಳುವಾಗ, "ಆ ಹುಡುಗಿಗೆ ಹಾಲ್ ಕೊಡೇ, ಕಿವಿ ಹೋಗ್ತಿದೆ" ಎಂದು ಕೂಗಿದನಂತೆ.

ನಾನು ಆ ಜನರನ್ನು ಸೇರಿಲ್ಲ, ಅಳಿಯಂದಿರಿಗೆ ಹೇಳು. ನಿಮ್ಮಪ್ಪನಿಗೆ ವೈನು ಸುರಿಯುವುದನ್ನು ಬಿಡುವುದಿಲ್ಲ. ಲಾನಿಕೆಯ ಮೇಲೆ ಸಿಟ್ಟೂ ಇದೆ. ಒಂದು ಚಿಟಿಕೆ ಧೂಪ ಹಾಕಿದ್ದರೆ ಇಂದು ನನ್ನ ಕಣ್ಣ ಮುಂದಿರುತ್ತಿದ್ದಳು. ಆದರೆ ಗೋಡೆಯಾಚೆಯ ದಾರಿಯಲ್ಲಿ ಇನ್ನು ಮೊದಲಿನಂತೆ ಮುಖ ತಿರುಗಿಸಿಕೊಂಡು ನಡೆಯಲು ನನ್ನಿಂದಾಗದು. ಇದನ್ನು ಯಾವ ದೇವರಿಗೆ ಒಪ್ಪಿಸಬೇಕೋ ನನಗೆ ತಿಳಿಯದು.

ಆರೋಗ್ಯ ನೋಡಿಕೋ. ತಣ್ಣೀರಲ್ಲಿ ಹೆಚ್ಚು ನಿಲ್ಲಬೇಡ.

ನಿನ್ನ ಅಮ್ಮ,
ಪರಮೋನಾ

ಮರೆತ ಮಾತು: ತಣ್ಣೀರಿನ ಮಾತು ಯಾಕೆ ಬಂತೆಂದು ನಿನಗೆ ಹೊಳೆದಿರಬೇಕು. ನೀನು ಬರೆಯದೆ ಬಿಟ್ಟದ್ದನ್ನು ನಿನ್ನ ಪತ್ರ ತಂದ ಹೆಂಗಸು ಬಾಯಲ್ಲಿ ಹೇಳಿದಳು. ನಿನಗೆ ಏಳು ತಿಂಗಳು ತುಂಬಿದೆಯಂತೆ. ಮೂರನೆಯದೂ ಹೆಣ್ಣಾದರೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಅಳಿಯಂದಿರು ಹೇಳಿದ್ದಾರಂತೆ, ನೀನು ಹೂಂ ಅಂದಿದ್ದೀಯಂತೆ. ನಾನು ಬರುತ್ತಿದ್ದೇನೆ. ಕರೆಯದಿದ್ದರೂ ಬರುತ್ತೇನೆ, ಬಾಗಿಲು ತೆರೆಯದಿದ್ದರೆ ಬಾಗಿಲಲ್ಲೇ ಕೂರುತ್ತೇನೆ. ಸೂಲಗಿತ್ತಿಗೆ ಹೇಳಿ ಕಳಿಸಬೇಡ, ನಾನೇ ಇರುತ್ತೇನೆ. ಹೆಣ್ಣಾದರೆ ಯೂರಿದಿಕೆ ಎಂದು ಹೆಸರಿಡೋಣ, ನನ್ನ ಅಮ್ಮನ ಹೆಸರು.